ಪ್ರಿಂಟಿನಲ್ಲಿ ಎಣಿಸಿದ್ರೆ 41, ಫೈಂಡ್ ಕೊಟ್ರೆ 37. ಉಳಿದ ನಾಲ್ಕು ಎಲ್ಲಿ ಹೋದ್ವು?

ಅಳತೆಪಟ್ಟಿ
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ತಲೆ ತಿನ್ನುತ್ತಿರುವ ವಿಷಯ ಇದು. ಬೇರೆಯವರು ಮಾಡಿದ ಒಂದು ಪೈಪಿಂಗ್ ಡ್ರಾಯಿಂಗ್ ನನ್ನ ಕೈಗೆ ಬಂದಿದೆ. ಆಟೋಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್) ಫೈಲ್. ಅದರಲ್ಲಿ ಒಂದು ಮಾದರಿಯ ವಾಲ್ವ್‌ಗೆ ವಿ-104 ಅಂತ ಗುರುತು ಹಾಕಿದ್ದಾರೆ. ಅಷ್ಟನ್ನೂ ವಿ-204 ಮಾಡಬೇಕು.

ಫೈಂಡ್ ಕಮಾಂಡ್ ಕೊಟ್ಟೆ, ಇಡೀ ಡ್ರಾಯಿಂಗ್ ಹುಡುಕು ಅಂದೆ. 37 ಸಿಕ್ಕಿದವು. ಸುಮ್ನೆ ಒಂದು ಅನುಮಾನಕ್ಕೆ ಪ್ರಿಂಟ್ ತೆಗೆದು ಹೈಲೈಟರ್ ಹಿಡಿದು ಎಣಿಸಿದೆ. 41 ಬಂತು. ಮತ್ತೆ ಎಣಿಸಿದೆ, ಮತ್ತೆ 41. ಎಲ್ಲವೂ ಒಂದೇ ಥರ ಕಾಣುತ್ತವೆ. ಅದೇ ಅಕ್ಷರ, ಅದೇ ಎತ್ತರ. ಈ ನಾಲ್ಕು ಯಾಕೆ ಸಿಗುತ್ತಿಲ್ಲ?

ಲೇಯರ್ ಸೊನ್ನೆ
ಫೈಂಡ್ ಡಬ್ಬಿಯ ಕೆಳಗೆ ಎಡಗಡೆ ಒಂದು ಪುಟ್ಟ ಬಾಣ ಇದೆ ನೋಡಿ. ತುಂಬಾ ಜನ ಅದನ್ನು ಒತ್ತೋದೇ ಇಲ್ಲ. ಒತ್ತಿದರೆ ಒಳಗಿನ ಆಯ್ಕೆಗಳೆಲ್ಲ ತೆರೆದುಕೊಳ್ಳುತ್ತವೆ. ಅಲ್ಲಿ 'ಸರ್ಚ್ ಬ್ಲಾಕ್ಸ್', 'ಸರ್ಚ್ ಎಕ್ಸ್‌ರೆಫ್ಸ್' ಅಂತ ಎರಡಿವೆ. ಅವಕ್ಕೆ ಟಿಕ್ ಇಲ್ಲದಿದ್ದರೆ ಬ್ಲಾಕ್ (ಒಂದು ಹೆಸರಿಟ್ಟು ಬೇಕಾದಷ್ಟು ಕಡೆ ಹಾಕುವ ಚಿತ್ರ) ಒಳಗೆ ಕೂತಿರುವ ಸಾದಾ ಟೆಕ್ಸ್ಟನ್ನಾಗಲಿ, ಎಕ್ಸ್‌ರೆಫ್ ಅಂದರೆ ಹೊರಗಿನಿಂದ ಜೋಡಿಸಿದ ಫೈಲಿನ ಟೆಕ್ಸ್ಟನ್ನಾಗಲಿ ಅದು ನೋಡುವುದಿಲ್ಲ. ಬ್ಲಾಕಿನ ಅಟ್ರಿಬ್ಯೂಟ್ (ಪ್ರತಿಯೊಂದು ಪ್ರತಿಗೂ ಬೇರೆ ಬೇರೆ ತುಂಬಬಹುದಾದ ಬರಹ) ಬೇರೆ ಲೆಕ್ಕ, ಅದಕ್ಕೆ ಬೇರೆ ಟಿಕ್ ಇದೆ.

ಮೊದಲು ಎರಡಕ್ಕೂ ಟಿಕ್ ಹಾಕಿ ನೋಡಿ. 'ಲಿಸ್ಟ್ ರಿಸಲ್ಟ್ಸ್' ಕೂಡ ಹಾಕಿಕೊಳ್ಳಿ, ಪಟ್ಟಿ ಕಣ್ಣ ಮುಂದೆ ಇರುತ್ತೆ.

ಪೆನ್ಸಿಲ್ ಮೊನೆ
ರೀಪ್ಲೇಸ್ ಆಲ್ ಒತ್ತುವ ಮುಂಚೆ ಫೈಲ್ ಕಾಪಿ ಮಾಡಿಟ್ಟುಕೋ ಮಾರಾಯ. ಅಷ್ಟೇ ನಾನು ಹೇಳೋದು.

ಹಳೇ ಡ್ರಾಫ್ಟರ್
ಪೆನ್ಸಿಲ್ ಮೊನೆ ಹೇಳಿದ್ದಕ್ಕೆ ನನ್ನ ಸಾಕ್ಷಿಯೂ ಇದೆ. ಒಂದು ಕಟ್ಟಡದ ಡ್ರಾಯಿಂಗಲ್ಲಿ ಕಿಟಕಿ ಡಬ್ಲ್ಯೂ1 ಇದ್ದದ್ದನ್ನು ಡಬ್ಲ್ಯೂ2 ಮಾಡು ಅಂದರು. ಹುಡುಕು, ಬದಲಿಸು, ರೀಪ್ಲೇಸ್ ಆಲ್. ಅರ್ಧ ನಿಮಿಷದ ಕೆಲಸ. ಎದ್ದು ನೀರು ಕುಡಿದು ಬಂದೆ. ಡಬ್ಲ್ಯೂ10ರಿಂದ ಡಬ್ಲ್ಯೂ19ರ ತನಕ ಇದ್ದ ಕಿಟಕಿಗಳೆಲ್ಲ ಡಬ್ಲ್ಯೂ20ರಿಂದ 29 ಆಗಿ ಕೂತಿದ್ದವು! ಮೊದಲೇ ಇದ್ದ ಡಬ್ಲ್ಯೂ20, 21ರ ಜೊತೆ ಬೆರೆತೂ ಹೋಗಿದ್ದವು. ಯಾವುದು ಹಳೇ ಇಪ್ಪತ್ತು, ಯಾವುದು ಹೊಸ ಇಪ್ಪತ್ತು ಅಂತ ಹೇಗೆ ಹೇಳೋದು? ಅಂಡೂ ಮಾಡೋಣ ಅಂದರೆ ಅಷ್ಟರಲ್ಲಿ ಸೇವ್ ಮಾಡಿ ಫೈಲ್ ಮುಚ್ಚಿಬಿಟ್ಟಿದ್ದೆ.

'ಫೈಂಡ್ ಹೋಲ್ ವರ್ಡ್ಸ್ ಓನ್ಲಿ' ಅನ್ನೋ ಟಿಕ್ ಇರೋದು ಇಂಥದ್ದಕ್ಕೇ.

ಹೊಸಬಿ
ಹಳೇ ಡ್ರಾಫ್ಟರ್ ಸರ್, ಎರಡು ಹೆಸರನ್ನು ಅದಲು ಬದಲು ಮಾಡಬೇಕಾದರೆ? ಡಿ1 ಡಿ2 ಆಗಬೇಕು, ಡಿ2 ಡಿ1 ಆಗಬೇಕು. ನಾನು ಮೊನ್ನೆ ಮಾಡಿದಾಗ ಎಲ್ಲಾ ಡಿ1 ಆಗಿಬಿಟ್ಟವು 🙈

ಹಳೇ ಡ್ರಾಫ್ಟರ್
ಮಧ್ಯೆ ಒಂದು ಸುಳ್ಳು ಹೆಸರು ಬೇಕಮ್ಮ. ಡಿ1 ಮೊದಲು 'ಕಕಕ' ಆಗಲಿ. ಆಮೇಲೆ ಡಿ2 ಡಿ1 ಆಗಲಿ. ಕೊನೆಗೆ 'ಕಕಕ' ಡಿ2 ಆಗಲಿ. ಎರಡು ಲೋಟದ ನೀರನ್ನು ಬದಲಾಯಿಸೋಕೆ ಮೂರನೇ ಲೋಟ ಬೇಕಲ್ವಾ, ಹಾಗೆ.

ಅಳತೆಪಟ್ಟಿ
ಲೇಯರ್ ಸೊನ್ನೆ ಅವರೇ, ತುಂಬಾ ಥ್ಯಾಂಕ್ಸ್. ಆ ಬಾಣ ಇರೋದೇ ಗೊತ್ತಿರಲಿಲ್ಲ. ಬ್ಲಾಕ್ಸ್ ಟಿಕ್ ಹಾಕಿದ ಮೇಲೆ 39 ಆಯಿತು. ಎಕ್ಸ್‌ರೆಫ್ ಟಿಕ್ ಹಾಕಿದೆ, 40. ಇನ್ನು ಒಂದೇ ಒಂದು ಬಾಕಿ. ಆದರೆ ಎಕ್ಸ್‌ರೆಫ್‌ನಲ್ಲಿ ಸಿಕ್ಕಿದ್ದನ್ನು ಬದಲಾಯಿಸೋಕೆ ಬಿಡುತ್ತಿಲ್ಲ.

ಲೇಯರ್ ಸೊನ್ನೆ
ಬಿಡೋದಿಲ್ಲ. ಅದು ಇರೋದು ಬೇರೆ ಫೈಲಿನಲ್ಲಿ, ಇಲ್ಲಿ ಬರೀ ತೋರಿಸುತ್ತಿದೆ. ಮೂಲ ಫೈಲ್ ತೆರೆದೇ ಬದಲಾಯಿಸಬೇಕು. ಬ್ಲಾಕ್ ಒಳಗಿನ ಎರಡೂ ಒಂದೇ ಬ್ಲಾಕಿನ ಎರಡು ಪ್ರತಿ ಇರಬಹುದು. ಹಾಗಿದ್ದರೆ ಬ್ಲಾಕ್ ಎಡಿಟರಲ್ಲಿ ಒಂದು ಸಲ ತಿದ್ದಿದರೆ ಎರಡೂ ಕಡೆ ಸರಿಹೋಗುತ್ತೆ. ಆದರೆ ಅದೇ ಬ್ಲಾಕ್ ಇನ್ನೆಲ್ಲಿ ಬಳಕೆಯಾಗಿದೆ ಅಂತ ಮೊದಲು ನೋಡಿಕೊಳ್ಳಿ.

ಸ್ಕ್ರಿಪ್ಟ್ ಪ್ರಿಯ
ಆ ಒಂದು ಬಾಕಿ ಇರೋದಕ್ಕೆ ನನ್ನ ಊಹೆ: ಯಾರೋ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಹೊಡೆದಿದ್ದಾರೆ. ಕೆಲವು ಫಾಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವೈಲ್ಡ್‌ಕಾರ್ಡ್ ಟಿಕ್ ಹಾಕಿ, ಸೊನ್ನೆ ಇರುವ ಜಾಗಕ್ಕೆ @ ಹಾಕಿ ಹುಡುಕಿ. ಅಂದರೆ ವಿ-1@4. @ ಅಂದರೆ ಯಾವುದಾದರೂ ಒಂದು ಅಕ್ಷರ, ಅಂಕಿ ಬರೋ ಹಾಗಿಲ್ಲ. ಇದ್ದರೆ ಅದೊಂದೇ ಸಿಗುತ್ತೆ.

ಅಳತೆಪಟ್ಟಿ
ಸಿಕ್ತು!!! ಓ ಅಕ್ಷರವೇ. ಪಂಪ್ ರೂಮಿನ ಮೂಲೆಯಲ್ಲಿತ್ತು. ಕಣ್ಣಿಗೆ ಒಂಚೂರೂ ವ್ಯತ್ಯಾಸ ಗೊತ್ತಾಗಲ್ಲ. 41 ಸರಿಯಾಯಿತು. ಎಲ್ಲರಿಗೂ ಧನ್ಯವಾದ.

ನಟ್ಟು ಬೋಲ್ಟು
ವೈಲ್ಡ್‌ಕಾರ್ಡ್ ಟಿಕ್ ಹಾಕಿದವರು ಕೆಲಸ ಮುಗಿದ ಮೇಲೆ ತೆಗೆಯೋದನ್ನು ಮರೀಬೇಡಿ. ನಾನು ಒಮ್ಮೆ #4 ಅಂತ ಹುಡುಕಿದೆ, ನಾಲ್ಕನೇ ನಂಬರಿನ ಕಂಬಿಗೆ. 14, 24, 34, 104 ಎಲ್ಲಾ ಬಂದವು, #4 ಬಿಟ್ಟು! ವೈಲ್ಡ್‌ಕಾರ್ಡಿನಲ್ಲಿ # ಅಂದರೆ 'ಯಾವುದಾದರೂ ಒಂದು ಅಂಕಿ'. ಚುಕ್ಕಿಗೂ ಬೇರೆ ಅರ್ಥ ಇದೆ, ಅಕ್ಷರವೂ ಅಲ್ಲದ ಅಂಕಿಯೂ ಅಲ್ಲದ ಚಿಹ್ನೆ. ನಿಜವಾದ # ಬೇಕಿದ್ದರೆ ಅದರ ಮುಂದೆ ` ಹಾಕಬೇಕು. ಅದು ಕೀಬೋರ್ಡಿನಲ್ಲಿ ಎಲ್ಲಿದೆ ಅಂತ ಹುಡುಕೋದು ಇನ್ನೊಂದು ಕೆಲಸ.

ಅಡ್ಡಗೆರೆ
ಇಷ್ಟೆಲ್ಲ ಸರ್ಕಸ್ ಯಾಕೆ? ಕ್ಯೂಸೆಲೆಕ್ಟ್ (ಗುಣ ನೋಡಿ ವಸ್ತುಗಳನ್ನು ಆರಿಸುವ ಕಮಾಂಡ್) ಕೊಟ್ಟು ಟೆಕ್ಸ್ಟ್ ಆರಿಸಿ, ಕಂಟೆಂಟ್ಸ್‌ಗೆ ವೈಲ್ಡ್‌ಕಾರ್ಡ್ ಮ್ಯಾಚ್ ಹಾಕಿದರೆ ಒಂದೇ ಏಟಿಗೆ ಎಲ್ಲಾ ಸೆಲೆಕ್ಟ್ ಆಗುತ್ತೆ.

ಲೇಯರ್ ಸೊನ್ನೆ
ಬ್ಲಾಕ್ ಒಳಗಿನದ್ದು ಆಗಲ್ಲ. ಎಕ್ಸ್‌ರೆಫ್‌ನದ್ದೂ ಆಗಲ್ಲ. ಅವರ ಸಮಸ್ಯೆ ಇದ್ದದ್ದೇ ಅಲ್ಲಿ.

ಅಡ್ಡಗೆರೆ
ಸರಿ, ಒಪ್ಪಿದೆ. ಆದರೆ ಸಿಕ್ಕ ಟೆಕ್ಸ್ಟಿನ ಲೇಯರ್ (ಡ್ರಾಯಿಂಗಿನ ಪದರ) ಬದಲಾಯಿಸಬೇಕು, ಬಣ್ಣ ಬದಲಾಯಿಸಬೇಕು ಅಂದರೆ ಕ್ಯೂಸೆಲೆಕ್ಟೇ ಒಳ್ಳೇದು.

ವ್ಯಾಸ
ಇನ್ನೊಂದು ಮಜಾ ಇದೆ. ಸಿಂಗಲ್ ಲೈನ್ ಟೆಕ್ಸ್ಟಿನಲ್ಲಿ ವ್ಯಾಸದ ಚಿಹ್ನೆ ಹಾಕೋಕೆ ಎರಡು ಪರ್ಸೆಂಟ್ ಹೊಡೆದು ಸಿ ಒತ್ತುತ್ತೀವಲ್ಲ, ಪರದೆ ಮೇಲೆ ಚಿಹ್ನೆ ಕಂಡರೂ ಒಳಗೆ ಉಳಿಯೋದು ಆ ಪರ್ಸೆಂಟುಗಳೇ. ಬೇರೆ ಕಡೆಯಿಂದ ⌀ ಕಾಪಿ ಮಾಡಿ ಹುಡುಕಿದರೆ ಸಿಗಲ್ಲ. ಡಿಗ್ರಿಗೂ ಹಾಗೇ, ಪ್ಲಸ್-ಮೈನಸ್‌ಗೂ ಹಾಗೇ. ಒಂದೇ ಡ್ರಾಯಿಂಗಲ್ಲಿ ಒಬ್ಬರು ಪರ್ಸೆಂಟ್ ಹೊಡೆದು, ಇನ್ನೊಬ್ಬರು ಚಿಹ್ನೆ ಅಂಟಿಸಿದ್ದರೆ ಎರಡು ಸಲ ಹುಡುಕಬೇಕು.

ಹೊಸಬಿ
ನಂದು ಸ್ವಲ್ಪ ಬೇರೆ ಪ್ರಶ್ನೆ, ಇಲ್ಲೇ ಕೇಳ್ತೀನಿ. ಬಾಗಿಲಿನ ಡೈನಾಮಿಕ್ ಬ್ಲಾಕ್ ಒಂದಿದೆ, ಹಾಕಿದ ಮೇಲೂ ಅಗಲ ಬದಲಾಯಿಸಬಹುದಾದದ್ದು. ಡ್ರಾಯಿಂಗಲ್ಲಿ 60 ಕಡೆ ಹಾಕಿದ್ದೀನಿ. ಎಲ್ಲಿಂದಲೋ ತಂದ ಒಂದು ಲಿಸ್ಪ್ ರೂಟೀನ್ (ಆಟೋಕ್ಯಾಡ್ ಒಳಗೆ ಓಡುವ ಪುಟ್ಟ ಪ್ರೋಗ್ರಾಂ) ಬ್ಲಾಕ್ ಹೆಸರು ಕೊಟ್ಟರೆ ಎಣಿಸುತ್ತೆ. ಅದು 12 ಅನ್ನುತ್ತೆ. ಇದಕ್ಕೂ ಓ ಅಕ್ಷರದ ಕಥೆನಾ?

ಸ್ಕ್ರಿಪ್ಟ್ ಪ್ರಿಯ
ಅಲ್ಲ, ಇದು ಬೇರೆ ಕಥೆ. ಇದಕ್ಕೆ ನಾನೂ ಒಮ್ಮೆ ಬಿದ್ದಿದ್ದೀನಿ.

ಡೈನಾಮಿಕ್ ಬ್ಲಾಕನ್ನು ಹಾಕಿ ಹಾಗೇ ಬಿಟ್ಟರೆ ಅದರ ಹೆಸರು ನೀವು ಇಟ್ಟ ಹೆಸರೇ. ಹಿಡಿ ಎಳೆದು ಅಗಲ ಬದಲಾಯಿಸಿದಿರೋ, ಆ ಪ್ರತಿಗೆ ಆಟೋಕ್ಯಾಡ್ ಒಳಗೊಳಗೇ ಒಂದು ಅನಾಮಿಕ ಬ್ಲಾಕ್ ಮಾಡುತ್ತೆ. ಅದರ ಹೆಸರು *ಯು23, *ಯು24 ಹೀಗೆ ಇರುತ್ತೆ. ನೀವು ಕ್ಲಿಕ್ ಮಾಡಿ ನೋಡಿದರೆ ಪ್ರಾಪರ್ಟೀಸ್ ಪ್ಯಾಲೆಟ್ ಮೂಲ ಹೆಸರನ್ನೇ ತೋರಿಸುತ್ತೆ. ಆದರೆ ಲಿಸ್ಪ್ ಡಿಎಕ್ಸ್‌ಎಫ್ ಕೋಡ್ 2 (ಒಳಗೆ ಹೆಸರು ಬರೆದಿಟ್ಟಿರುವ ಜಾಗ) ನೋಡಿದರೆ ಅಲ್ಲಿರೋದು *ಯು23. ನಿಮ್ಮ 60ರಲ್ಲಿ 12 ಬಾಗಿಲಿನ ಅಗಲ ಮುಟ್ಟಿಲ್ಲ, 48 ಮುಟ್ಟಿದ್ದೀರಿ. ಸರಿ ತಾನೇ?

ಸರಿಪಡಿಸೋದು ಹೀಗೆ. ಎಸ್‌ಎಸ್‌ಗೆಟ್ (ಲಿಸ್ಪಿನಲ್ಲಿ ವಸ್ತುಗಳನ್ನು ಆರಿಸುವ ಆಜ್ಞೆ) ಫಿಲ್ಟರಿನಲ್ಲಿ ಬ್ಲಾಕ್ ಹೆಸರಿನ ಜೊತೆ ಕಾಮಾ ಹಾಕಿ `*ಯು* ಕೂಡ ಸೇರಿಸಿ. ಮುಂದಿರುವ ` ಮರೀಬೇಡಿ, ಇಲ್ಲಾಂದ್ರೆ ನಕ್ಷತ್ರ 'ಏನು ಬೇಕಾದರೂ' ಅಂತಾಗಿ ಹೆಸರಲ್ಲಿ ಎಲ್ಲೋ ಒಂದು ಯು ಇರುವ ಬ್ಲಾಕೆಲ್ಲ ಬರುತ್ತೆ. ಆಮೇಲೆ ಸಿಕ್ಕ ಒಂದೊಂದರದ್ದೂ ಎಫೆಕ್ಟಿವ್‌ನೇಮ್ ಪ್ರಾಪರ್ಟಿ ನೋಡಿ. ಅಲ್ಲಿ ನಿಜವಾದ ಹೆಸರು ಇರುತ್ತೆ. ಹೊಂದಿದ್ದನ್ನು ಮಾತ್ರ ಎಣಿಸಿ.

ಹೊಸಬಿ
ನೋಡಿದೆ. 48 ಮುಟ್ಟಿದ್ದೇ ಹೌದು. ನೀವು ನನ್ನ ಪರದೆ ನೋಡ್ತಾ ಇದ್ದೀರಾ ಹೇಗೆ?

ಲೇಯರ್ ಸೊನ್ನೆ
ಲಿಸ್ಪ್ ತಂಟೆ ಬೇಡ ಅನ್ನುವವರಿಗೆ 2022ರಿಂದ ಕೌಂಟ್ ಕಮಾಂಡ್ ಇದೆ. ಎಣಿಕೆಗೆ ಅದು ಸಾಕು.

ಪದರ ಪುಟ
ಹೆಸರಿನ ಮಾತು ಬಂತಲ್ಲ, ಲೇಯರ್ ಬಗ್ಗೆಯೂ ಹೇಳಿಬಿಡ್ತೀನಿ. ಎಕ್ಸ್‌ರೆಫ್ ಜೋಡಿಸಿದಾಗ ಲೇಯರ್ ಹೆಸರು ಫೈಲ್‌ಹೆಸರು|ಗೋಡೆ ಅಂತ ಕಾಣುತ್ತೆ, ಮಧ್ಯೆ ನಿಂತ ಗೆರೆ. ಅದನ್ನೇ ಬೈಂಡ್ ಮಾಡಿದರೆ, ಅಂದರೆ ನಿಮ್ಮ ಫೈಲಿಗೇ ಕಾಯಂ ಸೇರಿಸಿದರೆ, ಫೈಲ್‌ಹೆಸರು$0$ಗೋಡೆ ಆಗುತ್ತೆ. ಇನ್ಸರ್ಟ್ ಅಂತ ಆರಿಸಿ ಬೈಂಡ್ ಮಾಡಿದರೆ ಮುಂದಿನದ್ದೆಲ್ಲ ಹೋಗಿ ಬರೀ 'ಗೋಡೆ' ಉಳಿಯುತ್ತೆ, ನಿಮ್ಮ ಗೋಡೆ ಲೇಯರಿನ ಜೊತೆ ಸೇರಿಕೊಳ್ಳುತ್ತೆ. ಹಾಗಾಗಿ ಲೇಯರ್ ಮ್ಯಾನೇಜರಿನ ಹುಡುಕು ಡಬ್ಬಿಯಲ್ಲಿ 'ಗೋಡೆ' ಅಂತ ಹೊಡೆದು ಸಿಗಲಿಲ್ಲ ಅಂತ ಬೇಜಾರಾಗಬೇಡಿ. *ಗೋಡೆ* ಅಂತ ಎರಡೂ ಕಡೆ ನಕ್ಷತ್ರ ಹಾಕಿ.

ನಮ್ಮಲ್ಲಿ ಒಂದು ಫೈಲನ್ನು ಮೂರು ಕೈ ಬದಲಾದಾಗ ಮೂರು ಸಲ ಬೈಂಡ್ ಮಾಡಿದ್ದರು. ಲೇಯರ್ ಹೆಸರು ಪರದೆಯ ಅಗಲ ಮೀರಿ ಹೋಗಿತ್ತು. ಹೆಸರಿಗೆ 255 ಅಕ್ಷರದ ಮಿತಿ ಇದೆ. ಇನ್ನೂ ಎರಡು ಸಲ ಬೈಂಡ್ ಮಾಡಿದ್ದರೆ ಅಲ್ಲಿಗೂ ಮುಟ್ಟುತ್ತಿತ್ತೇನೋ.

ಹಳೇ ಡ್ರಾಫ್ಟರ್
ಆಟೋಕ್ಯಾಡ್ 2000 ಬರೋಕೆ ಮುಂಚೆ 31 ಅಕ್ಷರ ಅಷ್ಟೇ. ಸ್ಪೇಸ್ ಕೂಡ ಹಾಕೋ ಹಾಗಿರಲಿಲ್ಲ. ಆಗ ಹೆಸರಿಡೋರು ಯೋಚನೆ ಮಾಡಿ ಇಡುತ್ತಿದ್ದರು. ಈಗ 'ಹೊಸದು', 'ಹೊಸದು2', 'ಹೊಸದು2ಫೈನಲ್'.

ನಟ್ಟು ಬೋಲ್ಟು
'ಹಿಂದಿನ ಕಾಲ ಚೆನ್ನಾಗಿತ್ತು' ಶುರುವಾಯ್ತು ನೋಡಿ 😄 31 ಅಕ್ಷರದಲ್ಲಿ ಹಿಂಡಿ ಬರೆದ ಸಂಕ್ಷಿಪ್ತ ಹೆಸರು ಓದೋಕೆ ಡಿಕೋಡರ್ ಬೇಕಾಗುತ್ತಿತ್ತು. ಅದೂ ಹೇಳಿ.

ಹಳೇ ಡ್ರಾಫ್ಟರ್
ನಮಗೆ ಅರ್ಥ ಆಗ್ತಿತ್ತು.

ನಟ್ಟು ಬೋಲ್ಟು
ನಿಮಗೆ ಮಾತ್ರ!

ಮುಕ್ತ ಮೂಲ
ಯಾರಾದರೂ ಫ್ರೀಕ್ಯಾಡ್ (ಉಚಿತ 3ಡಿ ಕ್ಯಾಡ್ ಸಾಫ್ಟ್‌ವೇರ್) ಬಳಸುತ್ತೀರಾ? ಅಲ್ಲಿ ಒಂದು ವಸ್ತುವಿಗೆ ಎರಡು ಹೆಸರು. ಒಂದು ನೇಮ್, ಇನ್ನೊಂದು ಲೇಬಲ್. ನೇಮ್ ಹುಟ್ಟುವಾಗಲೇ ಸಿಗುತ್ತೆ, ಪ್ಯಾಡ್, ಪ್ಯಾಡ್001, ಪ್ಯಾಡ್002 ಅಂತ. ಅದನ್ನು ಬದಲಾಯಿಸೋಕೆ ಆಗಲ್ಲ. ಟ್ರೀಯಲ್ಲಿ (ವಸ್ತುಗಳ ಪಟ್ಟಿಯಲ್ಲಿ) ಎಫ್2 ಒತ್ತಿ ನೀವು 'ಹಿಂದಿನ ಮುಚ್ಚಳ' ಅಂತ ಇಟ್ಟರೆ ಅದು ಲೇಬಲ್. ಶುರುವಿನಲ್ಲಿ ನಾನು ಪೈಥಾನ್ ಕನ್ಸೋಲಿನಲ್ಲಿ ಗೆಟ್‌ಆಬ್ಜೆಕ್ಟ್ ಕೊಟ್ಟು 'ಹಿಂದಿನ ಮುಚ್ಚಳ' ಅಂತ ಹುಡುಕಿ ಹುಡುಕಿ ಸೋತೆ. ಅದು ನೇಮ್ ಮಾತ್ರ ನೋಡುತ್ತೆ. ಲೇಬಲಿಗೆ ಗೆಟ್‌ಆಬ್ಜೆಕ್ಟ್ಸ್‌ಬೈಲೇಬಲ್ ಬೇಕು. ಅದು ಕೊಡೋದು ಒಂದು ವಸ್ತು ಅಲ್ಲ, ಪಟ್ಟಿ. ಯಾಕಂದ್ರೆ ಒಂದೇ ಲೇಬಲ್ ಇಬ್ಬರಿಗೆ ಇರಬಹುದು.

ಇನ್ನೊಂದು ಗುಟ್ಟು. ಫ್ರೀಕ್ಯಾಡಿನ ಫೈಲ್ ಅಂದರೆ ಬರೀ ಒಂದು ಜಿಪ್. ಬಿಚ್ಚಿದರೆ ಒಳಗೆ ಡಾಕ್ಯುಮೆಂಟ್ ಹೆಸರಿನ ಎಕ್ಸ್‌ಎಮ್‌ಎಲ್ ಫೈಲ್ ಇರುತ್ತೆ. ಹೆಸರು, ಲೇಬಲ್ ಎಲ್ಲಾ ಅದರಲ್ಲೇ. ನೂರು ಫೈಲಿನಲ್ಲಿ ಒಂದು ಲೇಬಲ್ ಹುಡುಕಬೇಕಾದರೆ ಫ್ರೀಕ್ಯಾಡ್ ತೆರೆಯೋದೇ ಬೇಡ.

ಕಮಾಂಡ್ ಲೈನ್
ಅದನ್ನೇ ನಾನು ಆಟೋಕ್ಯಾಡಿಗೂ ಹೇಳೋದು. ಅದರ ಡಿಡಬ್ಲ್ಯೂಜಿ ಫೈಲಿನ ಒಳಗೆ ಇಣುಕೋಕೆ ಆಗಲ್ಲ, ಅದು ಬೈನರಿ. ಡಿಎಕ್ಸ್‌ಎಫ್ (ಟೆಕ್ಸ್ಟ್ ರೂಪದ ಡ್ರಾಯಿಂಗ್ ಫೈಲ್) ಆಗಿ ಸೇವ್ ಮಾಡಿ, ಗ್ರೆಪ್ (ಫೈಲಿನಲ್ಲಿ ಪದ ಹುಡುಕುವ ಕಮಾಂಡ್) ಹೊಡೆಯಿರಿ. ಮುಗೀತು ಕಥೆ. ಫೈಂಡೂ ಬೇಡ, ಬಾಣವೂ ಬೇಡ.

ಸ್ಕ್ರಿಪ್ಟ್ ಪ್ರಿಯ
ಕಥೆ ಮುಗಿಯಲ್ಲ ಗುರು. ಡಿಎಕ್ಸ್‌ಎಫ್‌ನಲ್ಲಿ ಬ್ಲಾಕಿನ ವಿವರ ಬರೆಯೋದು ಒಂದೇ ಸಲ. ಅದನ್ನು ಇಪ್ಪತ್ತು ಕಡೆ ಹಾಕಿದ್ದರೂ ಒಳಗಿನ ಟೆಕ್ಸ್ಟ್ ನಿಮ್ಮ ಗ್ರೆಪ್‌ಗೆ ಒಂದೇ ಸಲ ಸಿಗುತ್ತೆ. ಅಳತೆಪಟ್ಟಿಯವರ ಲೆಕ್ಕ ಇನ್ನೂ ಕೆಡುತ್ತಿತ್ತು. ಎಕ್ಸ್‌ರೆಫ್ ಒಳಗಿನದ್ದು ಅದರಲ್ಲಿ ಬರೋದೇ ಇಲ್ಲ.

ಎಮ್‌ಟೆಕ್ಸ್ಟ್ (ಹಲವು ಸಾಲಿನ ಟೆಕ್ಸ್ಟ್) ಇನ್ನೂ ಕಷ್ಟ. 250 ಅಕ್ಷರ ದಾಟಿದರೆ ಅದನ್ನು ತುಂಡು ಮಾಡಿ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೆ. ನೀವು ಹುಡುಕುವ ಪದ ಸರಿಯಾಗಿ ಅಲ್ಲೇ ತುಂಡಾಗಿದ್ದರೆ? ಮಧ್ಯದ ಒಂದು ಅಕ್ಷರಕ್ಕೆ ಯಾರೋ ಬೇರೆ ಬಣ್ಣ ಕೊಟ್ಟಿದ್ದರೆ ಪದದ ನಡುವೆಯೇ ಆವರಣ, ಓರೆಗೆರೆ, ಬಣ್ಣದ ಕೋಡು ಎಲ್ಲಾ ಬಂದು ಕೂರುತ್ತೆ. ಪರದೆ ಮೇಲೆ ಒಂದೇ ಪದ, ಫೈಲಿನಲ್ಲಿ ಮೂರು ಚೂರು.

ಕಮಾಂಡ್ ಲೈನ್
ಸರಿ. ಎಣಿಕೆಗೆ ಬೇಡ. 'ಈ ಫೈಲಿನಲ್ಲಿ ಇದೆಯೋ ಇಲ್ಲವೋ' ಅಂತ ನೋಡೋಕೆ ಆದರೂ ಒಪ್ಪುತ್ತೀರಾ?

ಸ್ಕ್ರಿಪ್ಟ್ ಪ್ರಿಯ
ಮುಕ್ಕಾಲು ಒಪ್ಪಿದೆ.

ಪದರ ಪುಟ
ಬ್ಲಾಕ್ ಅಥವಾ ಲೇಯರ್ ಹೆಸರು ಯಾವ ಫೈಲಿನಲ್ಲಿದೆ ಅಂತ ಹುಡುಕೋಕೆ ಡಿಸೈನ್ ಸೆಂಟರ್ ಇದೆಯಲ್ಲ. ಅದರಲ್ಲಿರುವ ಸರ್ಚ್ ಒತ್ತಿ, ಏನು ಹುಡುಕಬೇಕು ಅಂತ ಆರಿಸಿ, ಫೋಲ್ಡರ್ ತೋರಿಸಿ. ಬ್ಲಾಕ್, ಲೇಯರ್, ಲೈನ್‌ಟೈಪ್, ಟೆಕ್ಸ್ಟ್ ಸ್ಟೈಲ್ ಎಲ್ಲಾ ಹುಡುಕುತ್ತೆ. ಡ್ರಾಯಿಂಗ್ ಒಂದೊಂದನ್ನೇ ತೆರೆಯೋ ಕೆಲಸ ಇಲ್ಲ. ನಿಧಾನ, ಆದರೆ ನಂಬಬಹುದು.

ಗೇರ್ ಪೆಟ್ಟಿಗೆ
ಸಾಲಿಡ್‌ವರ್ಕ್ಸ್ (3ಡಿ ಕ್ಯಾಡ್ ಸಾಫ್ಟ್‌ವೇರ್) ಬಳಸೋರು ಯಾರೂ ಇಲ್ವಾ? ನಮ್ಮಲ್ಲಿ ಟ್ರೀ ಮೇಲ್ಗಡೆ ಫಿಲ್ಟರ್ ಡಬ್ಬಿ ಇದೆ. ಹೆಸರು ಹೊಡೆಯುತ್ತಾ ಹೋದಂತೆ ಹೊಂದದ್ದೆಲ್ಲ ಮಾಯ ಆಗುತ್ತೆ. ಕಷ್ಟ ಏನಂದ್ರೆ ಹೆಸರು ಇದ್ದರೆ ತಾನೇ ಹುಡುಕೋದು? ಎಲ್ಲಾ ತಾನಾಗಿ ಬಂದ ಹೆಸರು, ಬಾಸ್-ಎಕ್ಸ್‌ಟ್ರೂಡ್47, ಕಟ್-ಎಕ್ಸ್‌ಟ್ರೂಡ್112. ಯಾವುದು ಯಾವ ತೂತು ಅಂತ ದೇವರಿಗೇ ಗೊತ್ತು. ಮುಖ್ಯವಾದ ಹತ್ತು ಫೀಚರಿಗೆ ಹೆಸರಿಡಿ ಅಂತ ಜೊತೆಯವರಿಗೆ ಹೇಳಿ ಹೇಳಿ ಸಾಕಾಯಿತು.

ಅಡ್ಡಗೆರೆ
ಹೆಸರಿಡೋಕೆ ಎಲ್ಲಿದೆ ಟೈಮ್? ಮಾದರಿಯ ಮೇಲೆ ಆ ತೂತನ್ನೇ ಕ್ಲಿಕ್ ಮಾಡಿದರೆ ಟ್ರೀಯಲ್ಲಿ ಅದು ಹೊಳೆಯುತ್ತೆ. ಮುಗೀತು.

ಗೇರ್ ಪೆಟ್ಟಿಗೆ
ಕಣ್ಣಿಗೆ ಕಾಣೋ ತೂತಾದರೆ ಸರಿ. ಸಪ್ರೆಸ್ ಆಗಿರೋದನ್ನು, ಅಂದರೆ ಸದ್ಯಕ್ಕೆ ಆಫ್ ಮಾಡಿ ಮರೆಯಾಗಿರೋದನ್ನು, ಎಲ್ಲಿ ಕ್ಲಿಕ್ ಮಾಡ್ತೀರಿ?

ಅಡ್ಡಗೆರೆ
...ಸೋತೆ 🙏

ವ್ಯಾಸ
ಪಿಡಿಎಫ್ ತೆಗೆದ ಮೇಲೆ ಅದರಲ್ಲಿ ಕಂಟ್ರೋಲ್ ಎಫ್ ಒತ್ತಿ ಹುಡುಕಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಟ್ರೂಟೈಪ್ ಫಾಂಟ್ ಆದರೆ ಸಿಗುತ್ತೆ. ಎಸ್‌ಎಚ್‌ಎಕ್ಸ್ (ಆಟೋಕ್ಯಾಡಿನದ್ದೇ ಗೆರೆ ಫಾಂಟ್) ಆದರೆ ಪಿಡಿಎಫ್‌ನಲ್ಲಿ ಅಕ್ಷರ ಇರೋದೇ ಇಲ್ಲ, ಬರೀ ಗೆರೆಗಳು. ಪಿಡಿಎಫ್‌ಎಸ್‌ಎಚ್‌ಎಕ್ಸ್ ಅನ್ನೋ ವೇರಿಯಬಲ್ 1 ಮಾಡಿದರೆ ಆ ಟೆಕ್ಸ್ಟನ್ನು ಕಾಮೆಂಟ್ ಆಗಿ ಸೇರಿಸುತ್ತೆ, ಆಗ ಹುಡುಕಬಹುದು. ಆದರೆ ತೆರೆದವರಿಗೆ ಅಕ್ಷರದ ಸುತ್ತ ಡಬ್ಬಿ ಡಬ್ಬಿ ಕಂಡು 'ಇದೇನಿದು' ಅಂತ ಫೋನ್ ಬರುತ್ತೆ. ಅನುಭವದ ಮಾತು.

ಒತ್ತಕ್ಷರ
ಡ್ರಾಯಿಂಗಲ್ಲಿ ಕನ್ನಡ ಟೆಕ್ಸ್ಟ್ ಇದ್ದರೆ? ಹಳೇ ನುಡಿ ಫಾಂಟಿನಲ್ಲಿ ಮಾಡಿದ್ದು ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ರೂಪ ತೊಡಿಸಿದ್ದು ಅಷ್ಟೇ. ಯೂನಿಕೋಡಿನಲ್ಲಿ 'ನೀರು' ಅಂತ ಟೈಪ್ ಮಾಡಿದರೆ ಒಂದೂ ಸಿಗಲಿಲ್ಲ ನನಗೆ. ಡ್ರಾಯಿಂಗಿನ ಟೆಕ್ಸ್ಟನ್ನೇ ಕಾಪಿ ಮಾಡಿ ಫೈಂಡ್ ಡಬ್ಬಿಗೆ ಅಂಟಿಸಿ. ನೋಡೋಕೆ ಗಜಿಬಿಜಿ, ಆದರೆ ಹುಡುಕಿ ಕೊಡುತ್ತೆ.

ಅಳತೆಪಟ್ಟಿ
ಮತ್ತೆ ನಾನೇ. ಈಗ ಇನ್ನೊಂದು ತಲೆನೋವು. ಎಲ್ಲಾ ಬದಲಾಯಿಸಿ ಹೊಸ ಪ್ರಿಂಟ್ ತೆಗೆದೆ. ಅದರಲ್ಲಿ ಒಂದು ಹಳೇ ವಿ-104 ಹಾಗೇ ಇದೆ! ಕ್ಲಿಕ್ ಮಾಡಿ ನೋಡಿದರೆ ಟೆಕ್ಸ್ಟೇ ಅಲ್ಲ, ತುಂಡು ಗೆರೆಗಳು. ಯಾರೋ ಎಕ್ಸ್‌ಪ್ಲೋಡ್ ಮಾಡಿದ್ದಾರೆ. ಅದನ್ನು ಅಳಿಸಿ ಹೊಸದಾಗಿ ಬರೆದೆ. ಆದರೆ ಈಗ ನನ್ನ ಲೆಕ್ಕ 42 ಆಯಿತಲ್ಲ? ಪ್ರಿಂಟಿನಲ್ಲಿ ಇರೋದು 41. ಮೊದಲು ಕಡಿಮೆ, ಈಗ ಜಾಸ್ತಿ!

ಲೇಯರ್ ಸೊನ್ನೆ
ಫೈಂಡಿಗೆ ಸಿಕ್ಕ ಮೊದಲ 37ರಲ್ಲೇ ಒಂದು ಪ್ರಿಂಟಿಗೆ ಬಾರದ್ದು ಇರಬೇಕು. ಅಂದರೆ ನಿಮಗೆ ಕಾಣೆಯಾಗಿದ್ದು ನಾಲ್ಕಲ್ಲ, ಐದು. ವಿ-204 ಅಂತ ಹುಡುಕಿ, ಪಟ್ಟಿಯಲ್ಲಿ ಒಂದೊಂದನ್ನೇ ಒತ್ತಿ ಝೂಮ್ ಮಾಡುತ್ತಾ ಬನ್ನಿ. ಎಲ್ಲೋ ಒಂದು ಕಡೆ ಖಾಲಿ ಜಾಗ ತೋರಿಸುತ್ತೆ. ಆಫ್ ಅಥವಾ ಫ್ರೀಜ್ ಆಗಿ ಮರೆಯಾದ ಲೇಯರಿನಲ್ಲಿ ಕೂತಿದೆ ಅದು. 'ಇಗ್ನೋರ್ ಹಿಡನ್ ಐಟಮ್ಸ್' ಟಿಕ್ ಇದ್ದಿದ್ದರೆ ಬರುತ್ತಿರಲಿಲ್ಲ.

ಅಳತೆಪಟ್ಟಿ
ಹೌದು! 29ನೆಯದ್ದು. ಝೂಮ್ ಆಗಿ ಕಪ್ಪು ಪರದೆ ಬಂತು. ಫ್ರೀಜ್ ಆದ ಲೇಯರ್. ಆದರೆ ಅದನ್ನೂ ವಿ-204 ಮಾಡಿಬಿಟ್ಟಿದ್ದೀನಲ್ಲ, ಹಾಗೇ ಬಿಡಲಾ?

ಹಳೇ ಡ್ರಾಫ್ಟರ್
ಲೇಯರ್ ಹೆಸರೇನು?

ಅಳತೆಪಟ್ಟಿ
'ಹಳೆಯದು-ಮುಟ್ಟಬೇಡಿ'.

ಪೆನ್ಸಿಲ್ ಮೊನೆ
ಕಾಪಿ ಮಾಡಿಟ್ಟುಕೋ ಅಂದಿದ್ದೆ, ಇಟ್ಟುಕೊಂಡಿದ್ದೀಯ ತಾನೇ?